ದೇಹದ ರೋಗಕ್ಕೆ ಕನಿಕರ, ಮನಸ್ಸಿನ ರೋಗಕ್ಕೆ ನಿಂದೆ: ಇದು ನ್ಯಾಯವೋ?

ನಮ್ಮ ಹಳ್ಳಿಗಳಲ್ಲಿ ಒಬ್ಬನಿಗೆ ಚಳಿಜ್ವರ ಬಂದರೆ ನೆರೆಹೊರೆಯವರು ಏನು ಮಾಡುತ್ತಾರೆಂಬದನ್ನು ನಾವೆಲ್ಲರೂ ಬಲ್ಲೆವು. ಒಬ್ಬರು ಗಂಜಿಯನ್ನು ತರುತ್ತಾರೆ. ಒಬ್ಬರು ಅವನ ದನಗಳಿಗೆ ಹುಲ್ಲು ಹಾಕುತ್ತಾರೆ. ಇನ್ನೊಬ್ಬರು ಆಸ್ಪತ್ರೆಗೆ ಹೋಗುವದಕ್ಕೆ ಗಾಡಿಯನ್ನು ಗೊತ್ತುಮಾಡುತ್ತಾರೆ. ಆದರೆ ಅದೇ ಮನೆಯಲ್ಲಿ ಒಬ್ಬಳು ನಿದ್ರೆಯಿಲ್ಲದೆ, ಊಟ ಸೇರದೆ, ಮಾತಿಲ್ಲದೆ ತಿಂಗಳುಗಟ್ಟಲೆ ಮೂಲೆ ಹಿಡಿದು ಕುಳಿತರೆ ಗಂಜಿ ತರುವವರಿಲ್ಲ, ಬುದ್ಧಿ ಹೇಳುವವರೇ ಬಹಳ. ಮೈಗಳ್ಳತನವೆಂದು ಕೆಲವರೂ, ಗಾಳಿ ಸೋಕಿತೆಂದು ಕೆಲವರೂ, ನಂಬಿಕೆ ಕಡಿಮೆಯಾಯಿತೆಂದು ಕೆಲವರೂ ಹೇಳುತ್ತಾರೆ. ಮನೆಯವರು ನಾಚಿಕೆಯಿಂದ ಬಾಗಿಲು ಮುಚ್ಚುತ್ತಾರೆ. ಒಂದು ರೋಗಕ್ಕೆ ಕನಿಕರವೂ ಇನ್ನೊಂದಕ್ಕೆ ನಿಂದೆಯೂ ಯಾಕೆ? ಇದು ನ್ಯಾಯವೋ ಎಂಬದನ್ನು ಈ ಸಾರಿ ಆಲೋಚಿಸೋಣ.

ಈ ವಿಷಯದಲ್ಲಿ ಇತರರ ತಪ್ಪನ್ನು ಎತ್ತಿ ಹೇಳುವದಕ್ಕಿಂತ ಮೊದಲು ನಮ್ಮ ತಪ್ಪನ್ನೇ ಒಪ್ಪಿಕೊಳ್ಳುವದು ಯುಕ್ತ. ಕೆಲವು ವರುಷಗಳ ಹಿಂದೆ ನಮ್ಮ ವಿಚಾರಣೆಯಲ್ಲಿದ್ದ ಒಂದು ಹಳ್ಳಿಯಲ್ಲಿ ಒಬ್ಬ ತಾಯಿಯು ಎರಡನೆಯ ಹೆರಿಗೆಯಾದ ಮೇಲೆ ಕೂಸನ್ನು ಎತ್ತಿಕೊಳ್ಳಲಾರದೆ ಹಗಲಿರುಳು ಅಳುತ್ತಿದ್ದಳು. ನಾವು ಹೋಗಿ, ಕೃತಜ್ಞತೆಯಿಲ್ಲದ ಮನಸ್ಸೇ ಇದಕ್ಕೆ ಕಾರಣವೆಂದೂ ಹೆಚ್ಚಾಗಿ ಪ್ರಾರ್ಥಿಸಬೇಕೆಂದೂ ಹೇಳಿ ಬಂದೆವು. ಅವಳು ತಲೆ ತಗ್ಗಿಸಿದಳೇ ಹೊರತು ಏನೂ ಹೇಳಲಿಲ್ಲ. ಅವಳ ಅಕ್ಕನು ನಮಗಿಂತ ಬುದ್ಧಿವಂತಳಾಗಿ ಅವಳನ್ನು ಜಿಲ್ಲಾ ಆಸ್ಪತ್ರೆಗೆ ಕರೆದುಕೊಂಡು ಹೋದಳು. ಹೆರಿಗೆಯ ತರುವಾಯ ಅನೇಕ ಸ್ತ್ರೀಯರಿಗೆ ಬರುವ ಖಿನ್ನತೆಯೆಂಬ ರೋಗವಿದು ಎಂದು ವೈದ್ಯರು ತಿಳಿಸಿ ಔಷಧ ಕೊಟ್ಟರು. ಕೆಲವು ತಿಂಗಳಲ್ಲಿ ಅವಳು ಮೊದಲಿನಂತಾದಳು. ತರುವಾಯ ನಮ್ಮನ್ನು ಕಂಡಾಗ ಅವಳು, "ಅಯ್ಯನವರೇ, ಆ ದಿನಗಳಲ್ಲಿ ನನ್ನಿಂದ ಆಗುತ್ತಿದ್ದದ್ದು ಪ್ರಾರ್ಥನೆ ಒಂದೇ. ಅದೂ ಸಾಲದೆಂದು ನೀವು ಹೇಳಿದಿರಿ" ಅಂದಳು. ಈ ಮಾತು ಇಂದಿನ ವರೆಗೂ ನಮ್ಮನ್ನು ಬಿಟ್ಟಿಲ್ಲ.

ನಿಂದೆಗೆ ಮೂಲವು ಏನಂದರೆ, ದೇಹವು ನಮ್ಮ ಕೈಯಲ್ಲಿಲ್ಲ, ಮನಸ್ಸಾದರೋ ನಮ್ಮ ಕೈಯಲ್ಲಿದೆ ಎಂದು ನಾವು ಎಣಿಸುತ್ತೇವೆ. ಈ ಎಣಿಕೆಯು ಪೂರ್ತಿಯಾಗಿ ಸರಿಯಲ್ಲ. ಒಂದು ದೃಷ್ಟಾಂತವನ್ನು ನೋಡಿರಿ. ಒಬ್ಬ ಸೊಸೆಯು ನೀರು ತರುವಾಗ ಏದುಸಿರು ಬಿಡುತ್ತಾಳೆ, ಕೆಲಸದ ನಡುವೆ ಕುಳಿತುಬಿಡುತ್ತಾಳೆ, ಬೇಗ ಸಿಡುಕುತ್ತಾಳೆ. ಅತ್ತೆಯು ಅವಳನ್ನು ಸೋಮಾರಿ ಅನ್ನುತ್ತಾಳೆ. ಅವಳ ರಕ್ತವನ್ನು ಪರೀಕ್ಷಿಸಿದರೆ ಹಿಮೋಗ್ಲೋಬಿನ್ ಎಂಬ ಅಂಶವು 12 ಗ್ರಾಮಿರಬೇಕಾದಲ್ಲಿ 8 ಗ್ರಾಮಿರಬಹುದು. ಕಬ್ಬಿಣಾಂಶದ ಕೊರತೆ, ಮುಟ್ಟಿನ ಅಧಿಕ ರಕ್ತಸ್ರಾವ, ಬರಿಗಾಲಿನಿಂದ ಸೇರುವ ಕೊಕ್ಕೆಹುಳ, ಇವು ಇದರ ಸಾಮಾನ್ಯ ಕಾರಣಗಳು. ಕಬ್ಬಿಣದ ಮಾತ್ರೆಯಿಂದಲೂ, ಸೊಪ್ಪು ಕಾಳುಗಳ ಸಂಗಡ ನಿಂಬೆ ನೆಲ್ಲಿಗಳನ್ನು ಸೇವಿಸುವದರಿಂದಲೂ, ಊಟದೊಂದಿಗೆ ಚಹಾ ಕುಡಿಯುವದನ್ನು ಬಿಡುವದರಿಂದಲೂ ಗುಣವಾಗುವ ಕೊರತೆಯನ್ನು ನಾವು ಗುಣದೋಷವೆಂದು ತೀರ್ಪು ಮಾಡಿದೆವು! ಅದೇ ಪ್ರಕಾರ ಕೊರಳಿನ ಥೈರಾಯ್ಡ್ ಗ್ರಂಥಿಯ ರಸವು ಕಡಿಮೆಯಾದರೆ ಮನುಷ್ಯನು ಜಡನೂ ಮರೆಗುಳಿಯೂ ದುಃಖಿಯೂ ಆಗಬಹುದು. ದೇಹಕ್ಕೂ ಮನಸ್ಸಿಗೂ ನಡುವೆ ನಾವು ಕಟ್ಟಿದ ಗೋಡೆಯು ನಾವು ನೆನಸಿದಷ್ಟು ಗಟ್ಟಿಯಾದದ್ದಲ್ಲ.

ಹೀಗಾದರೆ ಖಿನ್ನತೆ ಹಿಡಿದವನಿಗೆ, "ಎದ್ದೇಳು, ಧೈರ್ಯ ತಂದುಕೋ" ಎಂದು ಹೇಳುವದರಲ್ಲಿರುವ ದೋಷವು ತಿಳಿಯುವದು. ಏಳಬೇಕೆಂಬ ಇಚ್ಛೆಯನ್ನೇ ಆ ರೋಗವು ಕುಗ್ಗಿಸುತ್ತದೆ. ಕಾಲು ಮುರಿದವನಿಗೆ ಓಡು ಎಂದು ಹೇಳುವದೂ ಇದೂ ಒಂದೇ.

ಆದಾಗ್ಯೂ ಎಲ್ಲಾ ದುಃಖವೂ ರೋಗವೆಂದು ಹೇಳುವದು ಸರಿಯೋ? ಅಲ್ಲ. ಗಂಡನನ್ನು ಮಣ್ಣುಮಾಡಿ ಬಂದವಳು ಅಳುವದು ರೋಗವಲ್ಲ, ಅದು ಪ್ರೀತಿಯ ಫಲ. ಮಳೆ ಕೆಟ್ಟು ಸಾಲಗಾರನು ಬಾಗಿಲಿಗೆ ಬಂದಾಗ ರೈತನಿಗೆ ನಿದ್ರೆ ಬಾರದಿರುವದೂ ರೋಗವಲ್ಲ. ಅವನಿಗೆ ಮಾತ್ರೆಗಿಂತ ಮೊದಲು ಸಾಲದಿಂದ ಬಿಡಿಸುವ ಸಹಾಯವು ಬೇಕು. ಆದರೆ ಹೆಚ್ಚುಕಡಿಮೆ ದಿನವೆಲ್ಲಾ ಮನಸ್ಸು ಕುಗ್ಗಿ, ಹಿಂದೆ ಇಷ್ಟವಾಗಿದ್ದ ಯಾವದರಲ್ಲಿಯೂ ಆಸಕ್ತಿಯಿಲ್ಲದೆ, ನಿದ್ರಾಹಾರಗಳು ಕೆಟ್ಟು, ತಾನು ಯಾವದಕ್ಕೂ ಬಾರದವನೆಂಬ ಯೋಚನೆಯು ಎರಡು ವಾರಗಳಿಗಿಂತ ಹೆಚ್ಚು ಕಾಲ ನಿಂತು, ದಿನದ ಕೆಲಸವೇ ನಡೆಯದೆ ಹೋದರೆ, ಆಗ ವೈದ್ಯರನ್ನು ಕಾಣಬೇಕು. ಸಾಯಬೇಕೆಂಬ ಮಾತು ಬಂದರಂತೂ ಒಂದು ದಿನವನ್ನೂ ಕಾಯಬಾರದು.

ಇದು ಅಪರೂಪವಾದ ಸಂಗತಿಯೂ ಅಲ್ಲ. 2015–16ರಲ್ಲಿ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರು ದೇಶದ 12 ರಾಜ್ಯಗಳಲ್ಲಿ ನಡಿಸಿದ ಸಮೀಕ್ಷೆಯಲ್ಲಿ, ವಯಸ್ಕರಲ್ಲಿ ಸುಮಾರು ಹತ್ತರಲ್ಲಿ ಒಬ್ಬರಿಗೆ ಯಾವದಾದರೊಂದು ಮಾನಸಿಕ ಅಸ್ವಸ್ಥತೆಯಿತ್ತೆಂದೂ, ಅವರಲ್ಲಿ ಬಹುಮಂದಿಗೆ ಚಿಕಿತ್ಸೆಯೇ ಸಿಕ್ಕಿರಲಿಲ್ಲವೆಂದೂ ತಿಳಿದು ಬಂತು. ಆದದರಿಂದ ನಮ್ಮ ಸಭೆಯಲ್ಲಿ ಇಂಥವರು ಇಲ್ಲವೆಂದು ಹೇಳುವವರು ತಮ್ಮ ಜನರನ್ನು ಅರಿಯದವರೇ.

ಮುಚ್ಚಿಡುವದರಿಂದ ಬರುವ ಕೇಡನ್ನು ನಮ್ಮ ನೆರೆಯ ನಾಡಿನ ಒಂದು ಘೋರ ಸಂಗತಿಯು ತೋರಿಸುತ್ತದೆ. 2001ನೆಯ ಆಗಸ್ಟ್ 6ರಂದು ತಮಿಳುನಾಡಿನ ಏರವಾಡಿಯಲ್ಲಿ, ಮನೋರೋಗಿಗಳನ್ನು ಇಟ್ಟುಕೊಂಡಿದ್ದ ಒಂದು ಗುಡಿಸಲಿನ ಮನೆಗೆ ಬೆಂಕಿ ಬಿದ್ದು 28 ಮಂದಿ ಸತ್ತರು. ಅವರು ಓಡಲಿಲ್ಲ, ಯಾಕಂದರೆ ಅವರನ್ನು ಸರಪಣಿಯಿಂದ ಕಟ್ಟಿದ್ದರು. ಅವರನ್ನು ಅಲ್ಲಿ ಬಿಟ್ಟುಹೋದ ಮನೆಯವರೆಲ್ಲರೂ ಕ್ರೂರರೆಂದು ನಾವು ಹೇಳಲಾರೆವು. ಹತ್ತಿರದಲ್ಲಿ ಚಿಕಿತ್ಸೆಯಿಲ್ಲದೆ, ನಾಚಿಕೆಗೂ ಬಡತನಕ್ಕೂ ಸೋತು ಬಿಟ್ಟವರೂ ಇದ್ದಿರಬಹುದು. 2017ರ ಮಾನಸಿಕ ಆರೋಗ್ಯ ಕಾಯಿದೆಯು ಹೀಗೆ ಸರಪಣಿ ಹಾಕುವದನ್ನು ನಿಷೇಧಿಸಿದೆ. ಆತ್ಮಹತ್ಯಕ್ಕೆ ಪ್ರಯತ್ನಿಸಿದವನು ತೀವ್ರ ಸಂಕಟದಲ್ಲಿದ್ದನೆಂದು ಎಣಿಸಿ ಅವನನ್ನು ದಂಡಿಸದೆ ಆರೈಕೆ ಮಾಡಬೇಕೆಂಬದೂ ಅದೇ ಕಾಯಿದೆಯ ಆಶಯ. ರಾಜ್ಯದ ಕಾಯಿದೆಯೇ ನಿಂದೆಯನ್ನು ಬಿಟ್ಟಿರುವಾಗ ನಾವು ಅದನ್ನು ಹಿಡಿದುಕೊಂಡಿರುವದು ಹೇಗೆ?

ಇಲ್ಲಿ ಕೆಲವರು, "ನಿಂದಿಸಬಾರದಾದರೆ ಯಾರಿಗೂ ಹೊಣೆಯೇ ಇಲ್ಲವೋ? ಕುಡಿಯುವವನನ್ನೂ ತಂಬಾಕು ಅಗಿಯುವವನನ್ನೂ ಸುಮ್ಮನೆ ಬಿಡೋಣವೋ?" ಎಂದು ಕೇಳುವರು. ಪ್ರಶ್ನೆಯು ಯೋಗ್ಯವಾದದ್ದೇ. ನಿಂದೆ ಬೇರೆ, ಹೊಣೆ ಬೇರೆ ಎಂಬದೇ ನಮ್ಮ ಉತ್ತರ. ನಿಂದೆಯು ಕಳೆದುಹೋದದ್ದನ್ನು ನೋಡುತ್ತದೆ. ಹೊಣೆಯು ಮುಂದೆ ಮಾಡತಕ್ಕದ್ದನ್ನು ನೋಡುತ್ತದೆ. ರಕ್ತದ ಒತ್ತಡವು 140ಕ್ಕೆ 90ರ ಮೇಲೆ ನಿಂತಿದ್ದರೂ ಅನೇಕರಿಗೆ ಯಾವ ನೋವೂ ತೋರುವದಿಲ್ಲ. ಒಳಗೆ ಹೃದಯವೂ ಮೂತ್ರಪಿಂಡವೂ ಮಿದುಳೂ ಕೆಡುತ್ತಿರುತ್ತವೆ. ಇದು ಬಂದದ್ದಕ್ಕೆ ಅವನನ್ನು ಜರೆಯುವದರಲ್ಲಿ ಪ್ರಯೋಜನವಿಲ್ಲ. ಆದರೆ ತಿಳಿದ ಮೇಲೆ ಉಪ್ಪನ್ನು ಕಡಿಮೆಮಾಡುವದೂ, ಹಿತವಾಗಿದೆಯೆಂದು ಮಾತ್ರೆಯನ್ನು ತಾನಾಗಿಯೇ ನಿಲ್ಲಿಸದಿರುವದೂ ಅವನ ಹೊಣೆ. ಮನೋರೋಗದಲ್ಲಿಯೂ ಹಾಗೆಯೇ. ಖಿನ್ನತೆಯ ಔಷಧವು ಗುಣ ತೋರುವದಕ್ಕೆ ಕೆಲವು ವಾರಗಳು ಹಿಡಿಯುತ್ತವೆ. ಅಷ್ಟರಲ್ಲಿ ಬೇಸತ್ತು ಬಿಡಬಾರದು. ಆದರೆ ರೋಗಿಯ ಶಕ್ತಿಯು ಕುಂದಿರುವ ಕಾಲದಲ್ಲಿ ಅವನ ಹೊಣೆಯಲ್ಲಿ ಒಂದು ಪಾಲನ್ನು ಮನೆಯವರೂ ನೆರೆಯವರೂ ಹೊರಬೇಕು. ಕುಡಿತಕ್ಕೆ ಬಿದ್ದವನಿಗೂ ಇದೇ ನ್ಯಾಯ: ಬೈಗುಳದಿಂದ ಅವನು ಮರೆಯಲ್ಲಿ ಕುಡಿಯುವನು, ಕೈಹಿಡಿದು ಆಸ್ಪತ್ರೆಗೆ ಕರೆದೊಯ್ದರೆ ಬಿಡುವದಕ್ಕೆ ಮಾರ್ಗವುಂಟಾಗುವದು. ಬಹು ಕಾಲ ಕುಡಿದವನು ಒಮ್ಮೆಗೆ ನಿಲ್ಲಿಸಿದರೆ ನಡುಕವೂ ಸೆಳೆತವೂ ಬರಬಹುದಾದ ಕಾರಣ ವೈದ್ಯರ ಸಹಾಯವು ಅಗತ್ಯ.

ಪ್ರಾರ್ಥನೆ ಮಾಡಬಾರದೋ ಎಂದು ಕೇಳುವವರಿಗೆ ನಾವು ಹೇಳುವದೇನಂದರೆ, ಅವಶ್ಯವಾಗಿ ಮಾಡಿರಿ. ಆದರೆ ಅದನ್ನು ರೋಗಿಯ ಮೇಲೆ ಹೊರಿಸುವ ಭಾರವಾಗಿ ಮಾಡಬೇಡಿರಿ. ಹಾವು ಕಚ್ಚಿದವನಿಗಾಗಿ ನಾವು ಪ್ರಾರ್ಥಿಸುತ್ತೇವೆ, ಆಸ್ಪತ್ರೆಗೂ ಓಡುತ್ತೇವೆ. ಒಂದು ಇನ್ನೊಂದಕ್ಕೆ ವಿರೋಧವೆಂದು ಆಗ ಯಾರೂ ಹೇಳುವದಿಲ್ಲ.

ಇನ್ನು ಮಾಡತಕ್ಕ ಕೆಲವು ಸಂಗತಿಗಳನ್ನು ಹೇಳುವೆವು. ಸಂಕಟಪಡುವವರ ಬಳಿಯಲ್ಲಿ ಕುಳಿತು ಕಿವಿಗೊಡಿರಿ; ಬುದ್ಧಿ ಹೇಳುವದಕ್ಕೆ ಅವಸರಪಡಬೇಡಿರಿ. ಸಾಯುವ ಯೋಚನೆ ಬರುತ್ತದೋ ಎಂದು ಮೃದುವಾಗಿ ಕೇಳುವದರಿಂದ ಆ ಯೋಚನೆಯು ಹುಟ್ಟುವದಿಲ್ಲ. ಎಷ್ಟೋ ಸಾರಿ ಹೃದಯದ ಭಾರವು ಇಳಿಯುತ್ತದೆ. ಅಂಥವರಿರುವ ಮನೆಯಲ್ಲಿ ಬೆಳೆಗೆ ಹೊಡೆಯುವ ವಿಷವನ್ನು ಇಡಲೇಬೇಡಿರಿ, ಇಡಬೇಕಾದರೆ ಬೀಗ ಹಾಕಿರಿ. ಒಂದು ಗಳಿಗೆಯ ಆವೇಶವು ದಾಟಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ಮೂರ್ಛೆರೋಗವು ಮಿದುಳಿನ ರೋಗವೇ ಹೊರತು ಭೂತದ ಹಿಡಿತವಲ್ಲ. ಬಿದ್ದವನ ಕೈಯಲ್ಲಿ ಕಬ್ಬಿಣವನ್ನಾಗಲಿ ಬಾಯಲ್ಲಿ ಏನನ್ನಾಗಲಿ ಇಡದೆ, ಮಗ್ಗುಲಾಗಿ ಮಲಗಿಸಿರಿ. ಐದು ನಿಮಿಷಗಳಲ್ಲಿ ಸೆಳೆತವು ನಿಲ್ಲದಿದ್ದರೆ ಆಸ್ಪತ್ರೆಗೆ ಒಯ್ಯಿರಿ. ಸಹಾಯವು ದೂರದಲ್ಲಿಲ್ಲ. 1980ರ ದಶಕದಲ್ಲಿ ನಮ್ಮ ಬಳ್ಳಾರಿ ಜಿಲ್ಲೆಯಲ್ಲಿಯೇ, ಸಾಮಾನ್ಯ ಆರೋಗ್ಯ ಕೇಂದ್ರಗಳ ವೈದ್ಯರೂ ಕಾರ್ಯಕರ್ತರೂ ತರಬೇತಿ ಹೊಂದಿದರೆ ಮನೋರೋಗಕ್ಕೆ ಹಳ್ಳಿಯ ಹತ್ತಿರವೇ ಚಿಕಿತ್ಸೆ ಕೊಡಬಹುದೆಂದು ನಿಮ್ಹಾನ್ಸಿನವರು ತೋರಿಸಿಕೊಟ್ಟರು. 1996ರಲ್ಲಿ ಆರಂಭವಾದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಅದೇ ಮಾದರಿಯಾಯಿತು. 2022ರಿಂದ 14416 ಎಂಬ ಸಂಖ್ಯೆಗೆ ಹಗಲಿರುಳು ಖರ್ಚಿಲ್ಲದೆ ಟೆಲಿಫೋನ್ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು.

ಪ್ರಿಯರೇ, ಮೊದಲಿನ ಪ್ರಶ್ನೆಗೆ ತಿರುಗೋಣ. ಒಂದು ರೋಗಕ್ಕೆ ಕನಿಕರವೂ ಇನ್ನೊಂದಕ್ಕೆ ನಿಂದೆಯೂ ನ್ಯಾಯವಲ್ಲ. ಅದು ನಮ್ಮ ಅರಿವಿಲ್ಲದಿರುವಿಕೆಯ ಫಲವೇ. ಅರಿಯದೆ ಮಾಡಿದ ತಪ್ಪಿಗೆ ಕ್ಷಮೆಯುಂಟು. ಅರಿತ ಮೇಲೂ ಮಾಡಿದರೆ ನಾವು ಏನು ಹೇಳುವೆವು? ನಿಮ್ಮ ಬೀದಿಯಲ್ಲಿ ಬಾಗಿಲು ಮುಚ್ಚಿದ ಒಂದು ಮನೆಯಿರಬಹುದು. ಈ ವಾರ ಒಂದು ಪಾತ್ರೆ ಗಂಜಿಯನ್ನು ತೆಗೆದುಕೊಂಡು ಹೋಗಿ ಆ ಬಾಗಿಲನ್ನು ತಟ್ಟಿರಿ. ಬುದ್ಧಿವಾದವನ್ನು ಮಾತ್ರ ಮನೆಯಲ್ಲಿಯೇ ಬಿಟ್ಟು ಹೋಗಿರಿ.