ನೋವಿಗೆ ಪ್ರಮಾಣವೇನು?

‘ಪ್ರಮಾಣ’ ಎಂಬ ಮಾತಿಗೆ ನಮ್ಮಲ್ಲಿ ಮೂರು ಅರ್ಥಗಳು ರೂಢಿಯಲ್ಲಿವೆ. ತರ್ಕ ಓದಿದವರಿಗೆ ಅದು ಅರಿವಿನ ಸಾಧನ. ಪ್ರತ್ಯಕ್ಷ, ಅನುಮಾನ, ಶಬ್ದ ಮೊದಲಾದುವು. ಲೆಕ್ಕದವನಿಗೆ ಅದು ಅಳತೆ. ಇಷ್ಟು ಪ್ರಮಾಣದ ಮಳೆ, ಅಷ್ಟು ಪ್ರಮಾಣದ ಗೊಬ್ಬರ. ದೇವರ ಮುಂದೆ ಕರ್ಪೂರ ಹಚ್ಚಿ ನಿಂತವನಿಗೆ ಅದು ಆಣೆ. ಮೂರೂ ಒಂದೇ ಪದದಲ್ಲಿ ಬಂದು ಕೂತದ್ದು ತರಗತಿಯಲ್ಲಿ ಹತ್ತು ನಿಮಿಷ ಮಾತಾಡಲು ಸಾಕಾಗುವ ಸ್ವಾರಸ್ಯ. ಆದರೆ ‘ಅಂಗವೈಕಲ್ಯ ಪ್ರಮಾಣಪತ್ರ’ಕ್ಕೆ ಅರ್ಜಿ ಹಾಕುವವರೊಬ್ಬರ ಪಕ್ಕದಲ್ಲಿ ಕೂತು ಓದುವಾಗ ಅದು ಬರಿಯ ಸ್ವಾರಸ್ಯವಾಗಿ ಉಳಿಯುವುದಿಲ್ಲ. ಆ ಕಾಗದದಲ್ಲಿರುವ ಪ್ರಮಾಣ ಈ ಮೂರರಲ್ಲಿ ಯಾವುದು?

ಶಿಕಾರಿಪುರದಿಂದ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗುವ ರಸ್ತೆಯಿಂದ ಒಳಗೆ ಒಂದು ಹಳ್ಳಿ. ಹೆಸರು ಬೇಡ. ಅಲ್ಲಿಯ ಹೆಂಗಸೊಬ್ಬರು, ನನಗಿಂತ ನಾಲ್ಕಾರು ವರ್ಷ ಹಿರಿಯರು, ನಾನು ಅಕ್ಕ ಎಂದು ಕರೆಯುವವರು, ಹನ್ನೊಂದು ವರ್ಷದಿಂದ ನೋವಿನಲ್ಲಿದ್ದಾರೆ. ಸೊಂಟದಲ್ಲಿ ಮೊದಲಾದದ್ದು ತೊಡೆಗೆ ಇಳಿಯಿತು, ಹೆಗಲಿಗೂ ಏರಿತು. ಒಬ್ಬ ವೈದ್ಯರು ವಾಯು ಎಂದರು, ಒಬ್ಬರು ನರ ಎಂದರು, ಮತ್ತೊಬ್ಬರು ಮನಸ್ಸು ಎಂದರು. ಎಕ್ಸ್‌ರೇಯಲ್ಲಿ ಹೇಳಿಕೊಳ್ಳುವಂಥದೇನೂ ಇಲ್ಲ. ನಾಟಿಗೆ ಹೋಗುವುದು ನಿಂತು ಬಹಳ ಕಾಲವಾಯಿತು. ಮೆಟ್ಟುಗತ್ತಿಯ ಮುಂದೆ ಕೂತು ಅಡಿಕೆ ಸುಲಿಯುವುದೂ ಈಗ ಆಗುವುದಿಲ್ಲ. ಕೈಲಾದ ದಿನ ಅಂಗಳ ಗುಡಿಸುತ್ತಾರೆ, ಕೈಲಾಗದ ದಿನ ಗೋಡೆ ಹಿಡಿದು ಹಿತ್ತಿಲಿಗೆ ಹೋಗುತ್ತಾರೆ. ಅಂಗವಿಕಲರ ಮಾಸಾಶನಕ್ಕೆ ಅರ್ಜಿ ಹಾಕಲು ಯಾರೋ ಹೇಳಿದರು. ಜೊತೆಗೆ ಇನ್ನೊಂದು ಬುದ್ಧಿಯನ್ನೂ ಹೇಳಿದರು. ಆಕೆ ನನ್ನನ್ನು ಕೇಳಿದ್ದು ಆ ಎರಡನೆಯದರ ವಿಷಯ.

“ಮೇಷ್ಟ್ರೆ, ಡಾಕ್ಟ್ರ ಮುಂದೆ ಕೋಲು ಹಿಡ್ಕಂಡು ಹೋಗು ಅಂತಾರೆ. ನಾನು ಕೋಲು ಹಿಡಿಯೋಳಲ್ಲ. ಹಿಡಿದ್ರೆ ಸುಳ್ಳಾಗಲ್ವಾ?”

ನೀತಿಶಾಸ್ತ್ರದ ಗ್ರಂಥಗಳಲ್ಲಿ ಸತ್ಯದ ಬಗೆಗೆ ಎಷ್ಟೋ ಓದಿದ್ದೇನೆ. ಇಷ್ಟು ಇಕ್ಕಟ್ಟಾದ ಪ್ರಶ್ನೆಯನ್ನು ಅಲ್ಲಿ ಕಂಡ ನೆನಪಿಲ್ಲ.

ಉತ್ತರಕ್ಕೆ ಮೊದಲು ಸರ್ಕಾರ ಅಳೆಯುವ ಬಗೆಯನ್ನು ತಿಳಿಯಬೇಕು. 1995ರ ಕಾಯಿದೆಯಲ್ಲಿ ಏಳು ಬಗೆಯ ವೈಕಲ್ಯಗಳಿದ್ದುವು. 2016ರ ಕಾಯಿದೆ ಅವನ್ನು 21ಕ್ಕೆ ಏರಿಸಿತು. ಕುಸುಮರೋಗ, ಪಾರ್ಕಿನ್ಸನ್ ರೋಗ, ಆಸಿಡ್ ದಾಳಿಗೆ ಸಿಕ್ಕವರು, ಹೀಗೆ ಅನೇಕರು ಒಳಗೆ ಬಂದರು. ಕಾಯಿದೆಯ ಆರಂಭದಲ್ಲಿ ಕೊಟ್ಟಿರುವ ಲಕ್ಷಣವಂತೂ ಉದಾರವಾದದ್ದು. ದೀರ್ಘಕಾಲದ ಊನವೊಂದು ಹೊರಗಿನ ಅಡ್ಡಿಗಳೊಡನೆ ಸೇರಿ, ಮನುಷ್ಯ ಎಲ್ಲರಂತೆ ಬಾಳಲು ತೊಡಕಾದರೆ ಅದು ವೈಕಲ್ಯ. ಅಲ್ಲಿ ಶೇಕಡಾ ಲೆಕ್ಕವಿಲ್ಲ. ಸವಲತ್ತಿನ ಬಾಗಿಲಿಗೆ ಬಂದಾಗ ಮಾತ್ರ 40 ಎಂಬ ಸಂಖ್ಯೆ ಕಾವಲು ನಿಂತಿರುತ್ತದೆ. 21ರ ಪಟ್ಟಿಯಲ್ಲಿ ನೋವು ಎಂಬ ಹೆಸರಿನದು ಯಾವುದೂ ಇಲ್ಲ. ಮೈ ನೋವಿನವರು ಕೈಕಾಲು ಬೆನ್ನುಗಳ ಚಲನವೈಕಲ್ಯದ ಬಾಗಿಲಿನಿಂದಲೇ ನುಸುಳಿ ಬರಬೇಕು.

ಕಾಲನ್ನು ಅಳೆಯುವ ಕ್ರಮವನ್ನು ಓದಿ ನನಗೆ ಆಶ್ಚರ್ಯವಾಯಿತು, ಸ್ವಲ್ಪ ಮೆಚ್ಚುಗೆಯೂ ಆಯಿತು. 2001ರ ಮಾರ್ಗಸೂಚಿಯಲ್ಲಿ ಚಲನೆಗೆ 90, ಸ್ಥಿರತೆಗೆ 90 ಎಂದು ಇಟ್ಟಿದ್ದಾರೆ. ಕೀಲು ಎಷ್ಟು ಬಾಗುತ್ತದೆ, ಸ್ನಾಯುವಿಗೆ ಎಷ್ಟು ಬಲವಿದೆ ಎಂಬುದು ಚಲನೆ. ಸ್ಥಿರತೆಗೆ ಒಂಬತ್ತು ಪರೀಕ್ಷೆ, ಒಂದೊಂದಕ್ಕೆ 10: ಸಮನೆಲದಲ್ಲಿ ನಡೆಯುವುದು, ಇಳಿಜಾರಿನಲ್ಲಿ ನಡೆಯುವುದು, ಮೆಟ್ಟಿಲು ಹತ್ತುವುದು, ಎರಡು ಕಾಲಲ್ಲಿ ನಿಲ್ಲುವುದು, ನೋಯುವ ಕಾಲಲ್ಲಿ ನಿಲ್ಲುವುದು, ಕುಕ್ಕರುಗಾಲಲ್ಲಿ ಕೂರುವುದು, ಚಕ್ಕಳಮಕ್ಕಳ ಹಾಕುವುದು, ಮಂಡಿಯೂರುವುದು, ತಿರುಗುವುದು. ಎರಡು ಅಂಕಗಳನ್ನು ಕೂಡಿಸಲು ಒಂದು ಸೂತ್ರವೂ ಇದೆ: ದೊಡ್ಡದು ‘ಅ’, ಚಿಕ್ಕದು ‘ಬ’ ಆದರೆ, ಅ + ಬ(90−ಅ)/90. ಮುಂದೆ 2018ರಲ್ಲಿ, 2024ರಲ್ಲಿ ಪರಿಷ್ಕಾರಗಳು ಬಂದಿವೆ, ಜಾಡು ಇದೇ. ಕುಕ್ಕರುಗಾಲನ್ನೂ ಚಕ್ಕಳಮಕ್ಕಳವನ್ನೂ ಪಟ್ಟಿಗೆ ಸೇರಿಸಿದವರು ನಮ್ಮ ನೆಲವನ್ನೂ ನಮ್ಮ ಬದುಕನ್ನೂ ಬಲ್ಲವರು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಕೂರಲು ಬರುತ್ತದೆಯೆ ಎಂದು ಕೇಳುವ ಈ ಕೋಷ್ಟಕ ಕೂತಾಗ ಏನಾಗುತ್ತದೆ ಎಂದು ಕೇಳುವುದಿಲ್ಲ. ವೈದ್ಯರೆದುರು ಒಂದು ಸಲ ಕುಕ್ಕರುಗಾಲಲ್ಲಿ ಕೂತು ಎದ್ದು, ಅದರ ಫಲವಾಗಿ ಮೂರು ದಿನ ಚಾಪೆ ಬಿಟ್ಟೇಳದವರಿಗೆ, ಆ ಮೂರು ದಿನವನ್ನು ಬರೆಸಲು ಅಲ್ಲಿ ಜಾಗವಿಲ್ಲ. ಬೆನ್ನಿನ ಭಾಗದಲ್ಲಿ ನೋವೆಂಬ ಮಾತು ಬರುತ್ತದೆ, ನಿಜ. ಎಕ್ಸ್‌ರೇ ಚಿತ್ರದ ಬದಲಾವಣೆಗಳ ಕೈ ಹಿಡಿದುಕೊಂಡು ಬರುತ್ತದೆ.

ಇನ್ನು 40ರ ಗೆರೆ. ಉತ್ತರಪತ್ರಿಕೆ ತಿದ್ದುವ ನಮ್ಮಂಥವರಿಗೆ ಗೆರೆಯ ಪರಿಚಯ ಚೆನ್ನಾಗಿದೆ. ಪಾಸಿಗೆ ಒಂದೇ ಅಂಕ ಕಡಿಮೆಯಾದ ಹುಡುಗನ ಪುಸ್ತಕವನ್ನು ಇನ್ನೊಮ್ಮೆ ತಿರುವಿ, ಎಲ್ಲಾದರೂ ಅರ್ಧರ್ಧ ಅಂಕ ಅಡಗಿದೆಯೇ ಎಂದು ಹುಡುಕದ ಅಧ್ಯಾಪಕ ಅಪರೂಪ. ನಾಲ್ಕು ಸಾಲು ಪ್ರಬಂಧಕ್ಕೆ ಇರುವ ಈ ಔದಾರ್ಯ ನಾಲ್ಕು ಮೂಳೆಗೆ ಏಕಿರಬಾರದು?

ಕಣ್ಣಿಗೆ ಕಂಡದ್ದಷ್ಟೇ ಉಂಟು ಎನ್ನುವ ಪದ್ಧತಿ ಎಷ್ಟು ತಡವಾಗಿ ಎಚ್ಚರಗೊಳ್ಳುತ್ತದೆ ಎಂಬುದಕ್ಕೆ ನಿದರ್ಶನವನ್ನು ದೂರ ಹುಡುಕಬೇಕಾಗಿಲ್ಲ. ಸೊರಬಕ್ಕೆ ಹೊಂದಿಕೊಂಡ ಸಾಗರ ತಾಲ್ಲೂಕಿನ ಹಂದಿಗೋಡಿನಲ್ಲಿ 1974–75ರ ಸುಮಾರಿಗೆ ಒಂದು ಕಾಯಿಲೆ ಹೊರಗಿನವರ ಗಮನಕ್ಕೆ ಬಂತು. ಆ ಊರಿನ ಹೆಸರೇ ಅದಕ್ಕೆ ನಿಂತಿತು. ಶಿವಮೊಗ್ಗ, ಚಿಕ್ಕಮಗಳೂರು ಜಿಲ್ಲೆಗಳ ಹಳ್ಳಿಗಳಲ್ಲಿ, ಬಹುಮಟ್ಟಿಗೆ ಚಲವಾದಿ, ಚನ್ನಂಗಿ ಸಮುದಾಯಗಳ ಬಡ ಕೂಲಿಕಾರರಲ್ಲಿ ಕಂಡದ್ದು. ಔಷಧಿ ಸಿಂಪಡಿಸಿದ ಗದ್ದೆಯ ಏಡಿ ತಿಂದದ್ದೇ ಕಾರಣವೆಂದು ಮೊದಲು ಊಹಿಸಿದರು. ವಂಶದಲ್ಲಿ ಹರಿದು ಬರುವ ಮೂಳೆಯ ದೋಷ ಎಂದು ಮುಂದಿನ ಸಂಶೋಧನೆಗಳು ಹೇಳಿದುವು. ಆ ಕಾಯಿಲೆಯಲ್ಲಿ ಮೊದಲು ಬರುವುದು ಸೊಂಟ ಮಂಡಿಗಳ ನೋವು. ನಡಿಗೆ ಕೆಡುವುದು, ಮೈ ಬಾಗುವುದು ಆಮೇಲೆ. ಪತ್ರಿಕೆಗಳಲ್ಲಿ ಬಂದ ಚಿತ್ರಗಳೆಲ್ಲ ಬಾಗಿದ ಮೈಗಳವು. ಬಾಗುವ ಮೊದಲಿನ ವರ್ಷಗಳ ಚಿತ್ರವನ್ನು ಯಾರು ತೆಗೆದಾರು? ಆಗಲೂ ಆ ಜನ ನೋಯುತ್ತದೆ ಎಂದು ಹೇಳಿಕೊಂಡೇ ಇದ್ದಿರಬೇಕು.

ಪರರ ನೋವು ನಮಗೆ ತಿಳಿಯುವುದಾದರೂ ಹೇಗೆ? ನ್ಯಾಯಶಾಸ್ತ್ರದ ಪ್ರಕಾರ ದುಃಖ ಆತ್ಮದ ಗುಣ. ಅವರವರ ಮನಸ್ಸಿಗೆ ಮಾತ್ರ ಅದು ಪ್ರತ್ಯಕ್ಷ. ಉಳಿದವರಿಗೆ ಎರಡೇ ದಾರಿ. ಕಣ್ಣೀರು, ಮುಲುಗು, ಕುಂಟುಗಳನ್ನು ಕಂಡು ಅನುಮಾನಿಸುವುದು ಒಂದು. ನೊಂದವರು ಹೇಳಿದ್ದನ್ನು ನಂಬುವುದು ಇನ್ನೊಂದು. ಮೊದಲನೆಯ ದಾರಿಯ ತೊಡಕು ಕಾವ್ಯಮೀಮಾಂಸೆ ಓದಿದವರಿಗೆ ಗೊತ್ತು. ಒಳಗಿನ ಭಾವವನ್ನು ಹೊರಗೆ ತೋರುವ ಚಿಹ್ನೆಗಳು ರಂಗದ ಮೇಲೆ ತಪ್ಪದೆ ಕಾಣುತ್ತವೆ, ಬದುಕಿನಲ್ಲಿ ಹಾಗಲ್ಲ. ನಿನ್ನೆ ಕಾಲು ಉಳುಕಿಸಿಕೊಂಡವನು ಊರಿಗೆ ಕೇಳುವಂತೆ ಕೂಗುತ್ತಾನೆ. ಹನ್ನೊಂದು ವರ್ಷ ನೊಂದವರು ಕೂಗುವುದಿಲ್ಲ. ಮನೆಯವರಿಗೆ ಬೇಸರ ಬಂದೀತೆಂದು ಮುಖ ಸರಿಮಾಡಿಕೊಳ್ಳುವುದನ್ನು ಅವರು ಎಂದೋ ಕಲಿತಿರುತ್ತಾರೆ. ಹೀಗೆ ಅತಿ ದೀರ್ಘವಾದ ನೋವೇ ಅತಿ ಕಡಿಮೆ ಕಾಣಿಸುವ ನೋವಾಗುತ್ತದೆ.

ಎರಡನೆಯ ದಾರಿ ಶಬ್ದಪ್ರಮಾಣ, ಆಪ್ತನ ಮಾತು. ಆಪ್ತನೆಂದರೆ ಯಾರು? ವಿಷಯವನ್ನು ನೇರವಾಗಿ ಕಂಡುಕೊಂಡವನು, ಕಂಡದ್ದನ್ನು ಕಂಡಂತೆ ಹೇಳಬಯಸುವವನು. ನ್ಯಾಯಸೂತ್ರಗಳಿಗೆ ಭಾಷ್ಯ ಬರೆದ ವಾತ್ಸ್ಯಾಯನ ಈ ಲಕ್ಷಣ ಋಷಿಗೂ ಆರ್ಯನಿಗೂ ಮ್ಲೇಚ್ಛನಿಗೂ ಒಂದೇ ಎಂದು ಸೇರಿಸುತ್ತಾನೆ. ಆ ಒಂದು ಮಾತಿಗಾಗಿ ನನಗೆ ಅವನ ಮೇಲೆ ಬಹಳ ಗೌರವ. ತನ್ನ ಸೊಂಟದ ವಿಷಯದಲ್ಲಿ ಆ ಅಕ್ಕನಿಗಿಂತ ಹೆಚ್ಚು ಕಂಡವರು ಭೂಮಿಯ ಮೇಲೆ ಯಾರೂ ಇಲ್ಲ. ಇಂದಿನ ವೈದ್ಯವಿಜ್ಞಾನವೂ ಇದಕ್ಕೆ ದೂರವಾಗಿಲ್ಲ. ನೋವನ್ನು ಅಭ್ಯಾಸ ಮಾಡುವವರ ಅಂತರರಾಷ್ಟ್ರೀಯ ಸಂಘ 2020ರಲ್ಲಿ ತನ್ನ ವ್ಯಾಖ್ಯೆಯನ್ನು ತಿದ್ದಿದಾಗ, ನೋಯುತ್ತದೆ ಎಂದವರ ಹೇಳಿಕೆಯನ್ನು ಗೌರವಿಸಬೇಕೆಂದು ಸ್ಪಷ್ಟವಾಗಿ ಬರೆಯಿತು. 2022ರಿಂದ ಜಾರಿಗೆ ಬಂದ ವಿಶ್ವ ಆರೋಗ್ಯ ಸಂಸ್ಥೆಯ ರೋಗಪಟ್ಟಿಯಲ್ಲಿ ಮೂರು ತಿಂಗಳು ಮೀರಿದ ನೋವಿಗೆ ತನ್ನದೇ ಸ್ಥಾನವಿದೆ. ಯಾವುದೋ ಬೇರೆ ರೋಗದ ನೆರಳಾಗಿ ಮಾತ್ರ ಅದು ನಿಲ್ಲಬೇಕಾಗಿಲ್ಲ.

ಹಣ ಬರುವಲ್ಲಿ ಮಾತನ್ನು ನಂಬುವುದು ಹೇಗೆ ಎಂದು ಕಚೇರಿಯವರು ಕೇಳಿದರೆ ಅದು ಅನ್ಯಾಯದ ಪ್ರಶ್ನೆಯಲ್ಲ. ಸುಳ್ಳು ಪ್ರಮಾಣಪತ್ರ ತಂದವರು ಇದ್ದಾರೆ. ರುಜು ಹಾಕಿದ ವೈದ್ಯರು ನಾಳೆ ಉತ್ತರ ಹೇಳಬೇಕು. ಕಣ್ಣಿಲ್ಲದವರ ಪಾಲನ್ನು ಕಣ್ಣಿದ್ದವನು ಉಂಡರೆ ಪಾಪ ಯಾರಿಗೆ? ಇದೆಲ್ಲ ಒಪ್ಪತಕ್ಕದ್ದೆ. ಆದರೆ ಅದೇ ಸರ್ಕಾರ ಅರ್ಜಿದಾರನ ಹೇಳಿಕೆ ಪಡೆದು, ಅಕ್ಕಪಕ್ಕದವರನ್ನು ವಿಚಾರಿಸಿ ಆದಾಯದ ಪ್ರಮಾಣಪತ್ರ ಕೊಡುತ್ತದೆ. ಗದ್ದೆಯ ಹುಟ್ಟುವಳಿಯ ವಿಷಯದಲ್ಲಿ ಸಾಕ್ಷಿಯಾಗಬಲ್ಲ ನೆರೆಮನೆಯವರು, ಗದ್ದೆಗೆ ಇಳಿಯಲಾರದ ಮೈಯ ವಿಷಯದಲ್ಲಿ ಏಕೆ ಸಾಕ್ಷಿಯಾಗಲಾರರು? ದೊರೆಯುವ ಹಣವಾದರೂ ಎಷ್ಟು? ಶೇಕಡಾ 40ರಿಂದ 75ರವರೆಗಿನವರ ಮಾಸಾಶನವನ್ನು ರಾಜ್ಯ ಸರ್ಕಾರ 600ರಿಂದ 800 ರೂಪಾಯಿಗೆ ಏರಿಸಿದ್ದಾಗಿ ಸಾರಿದ್ದು 2021ರ ಜುಲೈಯಲ್ಲಿ. 800 ಎಂದರೆ ದಿನಕ್ಕೆ 26 ರೂಪಾಯಿ ಚಿಲ್ಲರೆ. ಅಷ್ಟಕ್ಕಾಗಿ ಹನ್ನೊಂದು ವರ್ಷ ಮುಂಚಿನಿಂದ ಕೂಲಿ ಬಿಟ್ಟು ನಟಿಸಿಕೊಂಡು ಬಂದವರಿದ್ದರೆ ಆ ಕಲೆಗಾದರೂ ಮಾಸಾಶನ ಕೊಡಬಹುದು.

ಶಿಕಾರಿಪುರ ತಾಲ್ಲೂಕಿನ ಉಡುತಡಿ ಅಕ್ಕಮಹಾದೇವಿಯ ಊರು. ಈ ವಿಷಯ ಎತ್ತಿದಾಗಲೆಲ್ಲ ನನ್ನ ಸಹೋದ್ಯೋಗಿಗಳು ಆಕೆಯ ಪ್ರಸಿದ್ಧ ವಚನವನ್ನು ನೆನೆಯುತ್ತಾರೆ, ನೋಯದವರಿಗೆ ನೊಂದವರ ನೋವು ತಿಳಿಯದು ಎಂಬ ತಾತ್ಪರ್ಯದ್ದು. ವಚನದ ಮಾತು ನಿಜ. ಅದನ್ನು ಬಳಸುವ ರೀತಿ ನನಗೆ ಸರಿಬೀಳುವುದಿಲ್ಲ. ತಿಳಿಯದು ಎಂದಮೇಲೆ ತಿಳಿಯಬೇಕಾದ ಹೊಣೆಯೂ ಇಲ್ಲ ಎಂಬಂತೆ ನಾವು ನಿಟ್ಟುಸಿರಿಟ್ಟು ಕಾಫಿಗೆ ಏಳುತ್ತೇವೆ. ತಿಳಿಯಲಾಗದ್ದನ್ನು ನಂಬಬಹುದಲ್ಲ.

ಮತ್ತೆ ಕೋಲಿಗೆ ಬರುತ್ತೇನೆ. ಕೋಲು ಹಿಡಿದು ಹೋದರೆ ಸುಳ್ಳೆ? ಕೆಟ್ಟ ದಿನಗಳಲ್ಲಿ ಆಕೆಗೆ ಕೋಲಲ್ಲ, ಎರಡು ಹೆಗಲು ಬೇಕು. ಪರೀಕ್ಷೆಯ ದಿನ ಒಳ್ಳೆಯ ದಿನವಾಗಿಬಿಟ್ಟರೆ, ಆ ಒಂದು ದಿನದ ಮೈ ವರ್ಷದ ಮುನ್ನೂರು ದಿನಗಳ ಮೇಲೆ ಸುಳ್ಳು ಸಾಕ್ಷಿ ಹೇಳುತ್ತದೆ. ಆಗ ಕೋಲು ಹಿಡಿದವರ ನಡೆ ಸತ್ಯಕ್ಕೆ ಹೆಚ್ಚು ಹತ್ತಿರ ಎಂದು ವಾದಿಸಬಹುದು. ನನಗೆ ಹಾಗೆಯೇ ತೋರುತ್ತದೆ. ಅಂಥವರನ್ನು ನಾನು ಸುಳ್ಳುಗಾರರೆಂದು ಕರೆಯಲಾರೆ. ಕಾಣಿಸಿದ್ದನ್ನು ಮಾತ್ರ ಕೊಳ್ಳುವ ಅಂಗಡಿಯಲ್ಲಿ ಕಾಣಿಸುವ ಸರಕನ್ನೇ ಇಡಬೇಕಾಗುತ್ತದೆ. ಆದರೆ ಇದರ ಬೆಲೆ ಪರೀಕ್ಷೆಯ ದಿನಕ್ಕೆ ಮುಗಿಯುವುದಿಲ್ಲ. ಒಮ್ಮೆ ಕೋಲು ಹಿಡಿದವರು ಊರ ಕಣ್ಣಿನಲ್ಲಿ ಅದನ್ನು ಕೆಳಗಿಡುವಂತಿಲ್ಲ. ಚಂದ್ರಗುತ್ತಿಯ ಜಾತ್ರೆಯಲ್ಲಿ ನಾಲ್ಕು ಹೆಜ್ಜೆ ಸರಾಗವಾಗಿ ಇಟ್ಟರೆ, ತಂಗಿಯ ಮಗಳ ಮದುವೆಯಲ್ಲಿ ಒಂದು ಸಲ ನಕ್ಕು ಓಡಾಡಿದರೆ, “ಪಗಾರ ತಗಳಾಕೆ ನೋವು, ತಿರುಗಾಕೆ ಇಲ್ಲ” ಎನ್ನುವ ನಾಲಗೆಗಳಿವೆ. ವರ್ಷದಲ್ಲಿ ಬರುವ ಆರೆಂಟು ಹಗುರ ದಿನಗಳನ್ನೂ ಆಕೆ ಬಚ್ಚಿಡಬೇಕು. ಇರುವ ನೋವಿಗೆ ಇಲ್ಲದ ನಟನೆಯ ಹೊರೆಯನ್ನು ಸೇರಿಸುವುದೇ ಈ ಪದ್ಧತಿಯಲ್ಲಿ ನನಗೆ ಅತ್ಯಂತ ಅನೀತಿಯಾಗಿ ಕಾಣುವ ಸಂಗತಿ. ನೊಂದವರ ಪ್ರಾಮಾಣಿಕತೆಯೇ ಅವರಿಗೆ ನಷ್ಟವಾಗುವಂತೆ ಅದು ಏರ್ಪಾಟು ಮಾಡುತ್ತದೆ.

ಹಿಡಿದರೆ ಸುಳ್ಳಾಗುವುದಿಲ್ಲ ಅಕ್ಕ, ಹಿಡಿಯದಿದ್ದರೂ ತಪ್ಪಿಲ್ಲ ಎಂದೆ. ಕೆಟ್ಟ ದಿನ, ಒಳ್ಳೆಯ ದಿನ ಎರಡನ್ನೂ ಒಂದು ತಿಂಗಳು ಬರೆದಿಡಿಸಿ ಆ ಹಾಳೆಯನ್ನೂ ಜೊತೆಗೆ ಒಯ್ಯಲು ಹೇಳಿದೆ. ಮಗಳು ಬರೆದಳು. ಆ ಹಾಳೆ ನನಗೊಂದು ನಿಘಂಟಾಯಿತು: ಸೆಳೆತ, ಚಳುಕು, ಹರಿತ, ಜೋಮು, ಉರಿ, ಹಿಡಿತ, ಕಿತ್ತು ಬಂದಂಗೆ, ಸೂಜಿ ಚುಚ್ಚಿದಂಗೆ. ಒಂದು ದಿನದ ಮುಂದೆ “ಹನ್ನೆರಡಾಣೆ ವಾಸಿ” ಎಂದಿತ್ತು. ಹತ್ತಕ್ಕೆ ಎಷ್ಟು ನೋವು ಎಂದು ಕೇಳುವ ವೈದ್ಯರಿಗೆ ಆಣೆ ಲೆಕ್ಕ ತಿಳಿಯುತ್ತದೆಯೋ ಇಲ್ಲವೋ.

ಇದೇ ತಾಲ್ಲೂಕಿನ ಬಳ್ಳಿಗಾವೆಯಲ್ಲಿ ಕೋಡಿಮಠದ 1162ರ ಶಾಸನವಿದೆ. ವಿದ್ಯೆಗಳನ್ನು ಕಲಿಸುವುದರ ಜೊತೆಗೆ ದೀನರಿಗೆ, ಕುಂಟರಿಗೆ, ಕುರುಡರಿಗೆ, ಕಿವುಡರಿಗೆ ಅಲ್ಲಿ ಅನ್ನವಿತ್ತು, ರೋಗಿಗಳಿಗೆ ಔಷಧವಿತ್ತು ಎಂದು ಅದು ಹೇಳುತ್ತದೆ. ಶೇಕಡಾ ಎಷ್ಟು ಕುಂಟು ಎಂದು ಕೇಳಿದ ಕುರುಹಿಲ್ಲ. ಅದನ್ನು ಓದಿ ಆ ಕಾಲವೇ ಮೇಲೆಂದು ನಾನು ಹೇಳುವವನಲ್ಲ. ಅದು ದಾನ, ಕೊಡುವವನ ಮನಸ್ಸು ತಿರುಗಿದರೆ ಕೇಳಲು ಬಾಯಿಲ್ಲ. ಇದು ಹಕ್ಕು, ಕಾಯಿದೆಯಲ್ಲಿದೆ, ಕೊಡದಿದ್ದರೆ ಮೇಲ್ಮನವಿಗೆ ದಾರಿಯಿದೆ. ಪಟ್ಟಿಗೆ ಹೊಸ ವೈಕಲ್ಯಗಳನ್ನು ಸೇರಿಸುವ ಅಧಿಕಾರವನ್ನೂ 2016ರ ಕಾಯಿದೆ ಕೇಂದ್ರ ಸರ್ಕಾರಕ್ಕೆ ಕೊಟ್ಟಿದೆ. ಕೋಡಿಮಠದ ಕಲ್ಲಿನ ಮೇಲೆ ಇನ್ನೊಂದು ಸಾಲು ಕೆತ್ತಲಾಗದು. ಈ ಪಟ್ಟಿಗೆ ಸೇರಿಸಬಹುದು.

ಆಕೆ ಕೋಲಿಲ್ಲದೆ ಹೋದರು. ಕೂರು ಎಂದಾಗ ಕೂತರು, ಏಳು ಎಂದಾಗ ಎದ್ದರು. ನೋಯುತ್ತದೆಯೆ ಎಂದಾಗ ಚಂದ್ರಗುತ್ತಿ ಅಮ್ಮನಾಣೆ ಎಂದರಂತೆ. ಶೇಕಡಾ 30 ಎಂದು ಬಂತು. 40ಕ್ಕಿಂತ ಕಡಿಮೆಯವರಿಗೆ ಬಿಳಿ ಬಣ್ಣದ ಕಾರ್ಡು, ಅದಕ್ಕೆ ಮಾಸಾಶನವಿಲ್ಲ. ಮೇಲ್ಮನವಿ ಹಾಕಬೇಕೆಂದು ಮಗಳ ಹಟ. ಅದಕ್ಕೆ ಇನ್ನೊಮ್ಮೆ ಬಸ್ಸು ಹತ್ತಬೇಕು, ಎರಡು ತಾಸು ಸೀಟಿನ ಮೇಲೆ ಕೂರಬೇಕು. ಮಳೆ ಮುಗಿಯಲಿ, ಥಂಡಿಗೆ ಸೊಂಟ ಹೆಚ್ಚು ಹಿಡಿಯುತ್ತದೆ ಎಂದು ಆಕೆ ತಡೆದಿದ್ದಾರೆ.