ದಾರಿ ನಿಂತಲ್ಲಿ ದೋಣಿ

ಕಾರವಾರದಿಂದ ಮಂಗಳೂರಿಗೆ ಕಡಲ ಬದಿಯಲ್ಲೇ ಸೈಕಲ್ ತುಳಿದುಕೊಂಡು ಹೋಗಬೇಕೆನ್ನುವವರು ನಕಾಶೆ ಬಿಡಿಸಿದರೆ ಮೊದಲು ಕಾಣುವುದು ರಾಷ್ಟ್ರೀಯ ಹೆದ್ದಾರಿ 66. ಪನ್ವೇಲಿನಿಂದ ಕನ್ಯಾಕುಮಾರಿಯವರೆಗೆ ಓಡುವ ಈ ದಾರಿ ಹಳಬರಿಗೆ ಇನ್ನೂ ಹಳೆಯ ಸಂಖ್ಯೆಯಲ್ಲೇ, ‘ಹದಿನೇಳು’ ಎಂದೇ ಪರಿಚಯ. ನಕಾಶೆಯಲ್ಲಿ ಅದನ್ನು ಬಿಟ್ಟು ಇನ್ನಷ್ಟು ಪಡುವಣಕ್ಕೆ ಕಣ್ಣಾಡಿಸಿದರೆ ಸಣ್ಣ ಸಣ್ಣ ಗೆರೆಗಳು ಸಿಗುತ್ತವೆ. ತೆಂಗಿನ ತೋಟದ ನಡುವೆ ನುಸುಳಿ, ಮೀನು ಒಣಗಿಸುವ ಬಯಲು ದಾಟಿ, ದೇವಸ್ಥಾನ, ಮಸೀದಿ, ಇಗರ್ಜಿಗಳ ಎದುರಿಗೇ ಹಾದು ಹೋಗುವ ಊರ ದಾರಿಗಳವು. ಸೈಕಲ್ಲಿಗೆ ಹೇಳಿ ಮಾಡಿಸಿದಂಥವು. ಆದರೆ ಅವುಗಳಲ್ಲಿ ಯಾವುದನ್ನು ಹಿಡಿದು ಹೋದರೂ ಕೊನೆಗೊಂದು ಕಡೆ ನೀರು ಎದುರಾಗುತ್ತದೆ. ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ, ಸೌಪರ್ಣಿಕಾ, ಸೀತಾ, ಸ್ವರ್ಣಾ, ಶಾಂಭವಿ, ಫಲ್ಗುಣಿ, ನೇತ್ರಾವತಿ. ಸುಮಾರು 300 ಕಿ.ಮೀ. ಉದ್ದದ ಕರಾವಳಿಯಲ್ಲಿ ಇಷ್ಟೊಂದು ನದಿಗಳು, ಇವುಗಳ ನಡುವೆ ಹೆಸರು ಗೊತ್ತಿಲ್ಲದ ಎಷ್ಟೋ ಹೊಳೆಗಳು. ಪ್ರತಿಯೊಂದರ ಅಳಿವೆಯಲ್ಲೂ ದಾರಿ ತುಂಡಾಗುತ್ತದೆ.

ಈ ತುಂಡಾಗುವಿಕೆಯನ್ನು ಕೊರತೆ ಎಂದು ನೋಡುವುದು ಸುಲಭ. ನನಗೆ ಮಾತ್ರ ಕರಾವಳಿಯ ದಾರಿಯ ಸತ್ವ ಇರುವುದೇ ಅಲ್ಲಿ ಎನಿಸುತ್ತದೆ.

ನೆಲದ ರಚನೆಯೇ ಹಾಗಿದೆ. ಘಟ್ಟ ಇಲ್ಲಿ ಕಡಲಿಗೆ ತೀರ ಹತ್ತಿರ. ಮೇಲೆ ಸುರಿದ ಮಳೆ ಕಡಿದಾಗಿ ಇಳಿದು, ಬಯಲಲ್ಲಿ ಸ್ವಲ್ಪವೇ ಹರಿದು ಸಮುದ್ರ ಮುಟ್ಟುತ್ತದೆ. ಆದರೆ ಕಡಲು ನದಿಗಳನ್ನೆಲ್ಲ ನೇರವಾಗಿ ಒಳಗೆ ಬಿಟ್ಟುಕೊಳ್ಳುವುದಿಲ್ಲ. ಅಲೆಗಳು ಮರಳನ್ನು ತಳ್ಳಿ ತಳ್ಳಿ ಅಳಿವೆಗೆ ಅಡ್ಡವಾಗಿ ಉದ್ದನೆಯ ದಿಬ್ಬ ಕಟ್ಟುತ್ತವೆ. ನದಿ ಆ ದಿಬ್ಬದ ಬೆನ್ನಿಗೇ ಹರಿದು ಬಾಗಿಲು ಹುಡುಕಬೇಕಾಗುತ್ತದೆ. ಮರವಂತೆಯಲ್ಲಿ ಸೌಪರ್ಣಿಕಾ ಒಂದು ರಸ್ತೆಯ ಅಂತರದಷ್ಟು ಹತ್ತಿರ ಬಂದೂ ಕಡಲು ಸೇರದೆ ತೆಂಕಣಕ್ಕೆ ಹೊರಳುತ್ತದೆ. ಗಂಗೊಳ್ಳಿಯಲ್ಲಿ ಉಳಿದ ಹೊಳೆಗಳ ಜತೆ ಕೂಡಿ ಸಮುದ್ರಕ್ಕಿಳಿಯುತ್ತದೆ. ಹೂಡೆಯಿಂದ ಕೋಡಿ ಬೆಂಗ್ರೆಗೆ ಹೋಗುವ ದಾರಿಯ ಎಡಕ್ಕೆ ಕಡಲು, ಬಲಕ್ಕೆ ಸ್ವರ್ಣಾ. ನಡುವಿನ ನೆಲ ಕೆಲವು ಕಡೆ ಒಂದೆರಡು ಮನೆ, ಹತ್ತಾರು ತೆಂಗಿನ ಮರಗಳಿಗಷ್ಟೇ ಸಾಕು. ಸೀತಾ ಸ್ವರ್ಣಾ ಎರಡೂ ಕೂಡಿ ಕಡಲಿಗೆ ಸೇರುವಲ್ಲಿ ದಾರಿ ಮುಗಿಯುತ್ತದೆ. ಆಚೆ ದಂಡೆಯಲ್ಲಿ ಹಂಗಾರಕಟ್ಟೆ ಕಾಣುತ್ತದೆ. ಅಳಿವೆಯ ಬಡಗಣದ ಕೋಡಿಯೇ ಶಿವರಾಮ ಕಾರಂತರ ‘ಮರಳಿ ಮಣ್ಣಿಗೆ’ ಕಾದಂಬರಿಯ ನೆಲ. ಮರಳು, ಉಪ್ಪುನೀರು, ಮಳೆ ಇವುಗಳ ನಡುವೆ ಹಿಡಿ ಭತ್ತ ಬೆಳೆಯಲು ಹೆಂಗಸರು ಪಟ್ಟ ಪಾಡು ಏನೆಂದು ಆ ದಾರಿಯಲ್ಲಿ ಸೈಕಲ್ ತುಳಿದವರಿಗೆ ಕಾದಂಬರಿ ಓದುವ ಮೊದಲೇ ಅರ್ಧ ತಿಳಿದಿರುತ್ತದೆ.

ದಾರಿ ಮುಗಿದ ಮೇಲೆ ಉಳಿಯುವುದು ಎರಡೇ: ಬಂದ ದಾರಿಯಲ್ಲಿ ಹಿಂದಿರುಗಿ ಸುತ್ತು ಹಾಕುವುದು, ಇಲ್ಲವೇ ದೋಣಿಗೆ ಕಾಯುವುದು. ಗೋಕರ್ಣದಿಂದ ಕುಮಟೆಗೆ ಹೆದ್ದಾರಿಯಲ್ಲಿ ಹೋದರೆ ಮಾದನಗೇರಿ, ಮಿರ್ಜಾನದ ಮೇಲೆ ಸುಮಾರು 30 ಕಿ.ಮೀ. ತದಡಿಯಲ್ಲಿ ಅಘನಾಶಿನಿ ದಾಟಿದರೆ ಅದರ ಅರ್ಧವೂ ಬೇಕಾದೀತೋ ಇಲ್ಲವೋ. ಗಂಗೊಳ್ಳಿಯಲ್ಲಿ ನಿಂತರೆ ಕುಂದಾಪುರ ಕಣ್ಣೆದುರೇ ಇದೆ. ರಸ್ತೆ ಹಿಡಿದರೆ ತ್ರಾಸಿ, ಹೆಮ್ಮಾಡಿ, ತಲ್ಲೂರು ಎಂದು ಹೊಳೆಗಳನ್ನೆಲ್ಲ ಬಳಸಬೇಕು. ದೊಡ್ಡ ವಾಹನಕ್ಕೆ ಬಳಸುದಾರಿಯೇ ಗತಿ. ಸೈಕಲ್ಲನ್ನು ದೋಣಿಯ ಅಂಚಿಗೆ ಎತ್ತಿ ಇಟ್ಟುಕೊಳ್ಳಬಹುದು. ದಾರಿ ನಿಂತಾಗ ತನ್ನ ವಾಹನವನ್ನೇ ಸಾಮಾನಿನಂತೆ ಹೊತ್ತು ದಾಟಬಲ್ಲವನು ಸೈಕಲ್ಲಿನವನು ಮಾತ್ರ.

ಆದರೆ ಕಾಯಬೇಕು. ದೋಣಿ ಆಚೆ ದಡದಲ್ಲಿರುತ್ತದೆ, ಅಲ್ಲಿ ಜನ ತುಂಬಬೇಕು. ಕಾಯುವ ಹೊತ್ತಿನಲ್ಲಿ ನೀರನ್ನು ನೋಡದೆ ಬೇರೆ ಕೆಲಸವಿಲ್ಲ. ಆಗ ತಿಳಿಯುತ್ತದೆ, ಈ ಊರುಗಳ ಗಡಿಯಾರವೇ ಬೇರೆ. ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಅದೂ ದಿನದಿಂದ ದಿನಕ್ಕೆ ಹೊತ್ತು ಜಾರಿಸುತ್ತ ಹೋಗುತ್ತದೆ. ದೊಡ್ಡ ಅಣೆಕಟ್ಟು ಕಾಣದೆ ಕಡಲಿಗೆ ಬರುವ ಅಘನಾಶಿನಿಯ ಅಳಿವೆಯಲ್ಲಿ ನೀರಿಳಿದಾಗ ಜನ ಬೆಳಚು ಹೆಕ್ಕುತ್ತಾರೆ. ಗಜನಿ ಗದ್ದೆಗಳಲ್ಲಿ ಮಳೆಗಾಲದಲ್ಲಿ ಕಗ್ಗ ಭತ್ತ ನಿಲ್ಲುತ್ತದೆ. ಉಪ್ಪುನೀರು ನುಗ್ಗಿದರೂ ತಾಳಿಕೊಳ್ಳುವ ತಳಿ ಅದು. ಕೊಯ್ಲಾದ ಮೇಲೆ ಅದೇ ಗದ್ದೆಗೆ ಭರತದ ನೀರು ಬಿಟ್ಟುಕೊಂಡು ಸಿಗಡಿ, ಮೀನು ಹಿಡಿಯುತ್ತಾರೆ. ಬೇಸಿಗೆಯಲ್ಲಿ ಸಾಣಿಕಟ್ಟೆಯ ಉಪ್ಪಿನಾಗರ ಬೆಳ್ಳಗಾಗುತ್ತದೆ. 2024ರಲ್ಲಿ ಈ ಅಳಿವೆಯನ್ನು ರಾಮ್ಸಾರ್ ತಾಣವೆಂದು ಘೋಷಿಸಲಾಯಿತು. ಜಗತ್ತಿನ ಮಹತ್ವದ ಜೌಗು ನೆಲಗಳಲ್ಲಿ ಅದೂ ಒಂದಾಯಿತು. ಒಂದೇ ನೆಲದಲ್ಲಿ ಅನ್ನ, ಮೀನು, ಉಪ್ಪು ಮೂರನ್ನೂ ಪಡೆಯುವ ಈ ಬಾಳುವೆಯ ಗುಟ್ಟು, ನೀರನ್ನು ತಡೆಯುವ ಹೊತ್ತು ಯಾವುದು, ಒಳಗೆ ಬಿಡುವ ಹೊತ್ತು ಯಾವುದು ಎಂಬ ತಿಳಿವು. ಮಿರ್ಜಾನದ ಕಡೆಯಿಂದ ಹೆದ್ದಾರಿಯಲ್ಲಿ ಹಾದು ಹೋದವರಿಗೆ ಇದರಲ್ಲಿ ಏನೂ ಕಾಣದು. ತದಡಿಯ ಧಕ್ಕೆಯಲ್ಲಿ ಕಾದವರಿಗೆ ಕಂಡೀತು.

ಗಾಳಿಯೂ ಹೀಗೆಯೇ. ಚಳಿಗಾಲದ ಬೆಳಗು ಇಲ್ಲಿ ಶಾಂತ. ಘಟ್ಟದ ಕಡೆಯಿಂದ ತಣ್ಣನೆಯ ಎಲರು ಬರುತ್ತದೆ. ನೆಲ ಕಾದಂತೆ ಗಾಳಿ ದಿಕ್ಕು ಬದಲಿಸಿ, ಮಧ್ಯಾಹ್ನದ ಹೊತ್ತಿಗೆ ಕಡಲಿಂದ, ಬಡಗು-ಪಡುವಣದಿಂದ ಬೀಸತೊಡಗುತ್ತದೆ. ಕಾರವಾರದಿಂದ ತೆಂಕಣಕ್ಕೆ ಹೊರಟವರಿಗೆ ಅದು ಬೆನ್ನ ಹಿಂದಿನ ಗಾಳಿ. ಮಂಗಳೂರಿನಿಂದ ಬಡಗಣಕ್ಕೆ ಹೊರಟವರಿಗೆ ಎದುರು ಗಾಳಿ. ಅಂಕೋಲೆಯಿಂದ ಭಟ್ಕಳದವರೆಗೆ ಚಿರೇಕಲ್ಲಿನ ಗುಡ್ಡಗಳು ಅಲ್ಲಲ್ಲಿ ಕಡಲವರೆಗೂ ಬಂದು ನಿಲ್ಲುತ್ತವೆ, ದಾರಿ ಅವನ್ನು ಹತ್ತಿ ಇಳಿಯಬೇಕು. ಕುಂದಾಪುರ ದಾಟಿದ ಮೇಲೆ ಕಡಲ ಬದಿ ಬಹುಮಟ್ಟಿಗೆ ಸಮತಟ್ಟು. ಇದನ್ನೆಲ್ಲ ಪುಸ್ತಕದಲ್ಲಿ ಓದಿ ತಿಳಿಯಬಹುದು. ಆದರೆ ಮೊಣಕಾಲಿಗೆ, ಎದೆಗೂಡಿಗೆ ತಿಳಿದ ಮೇಲೆ ಅದು ಮರೆಯುವುದಿಲ್ಲ. ನಾಳೆ ಎಷ್ಟು ದೂರ ಹೋಗಬೇಕೆಂದು ಗಾಳಿಯನ್ನು ಕೇಳಿ ತೀರ್ಮಾನಿಸುವವನು ನಿಧಾನವಾಗಿ ತನ್ನ ಹಟವನ್ನು ಬಿಡುತ್ತಾನೆ.

ಸೇತುವೆ ಬೇಡವೆಂದು ನಾನು ಹೇಳಲಾರೆ. ಮಳೆಗಾಲದಲ್ಲಿ ಹೆರಿಗೆ ನೋವು ತಿನ್ನುತ್ತ ದೋಣಿಗೆ ಕಾದವರ, ಪುಸ್ತಕದ ಚೀಲ ಒದ್ದೆಮಾಡಿಕೊಂಡು ಶಾಲೆಗೆ ದಾಟಿದ ಮಕ್ಕಳ ಮುಂದೆ ನಿಂತು ಕಾಯುವುದರ ಸೊಗಸನ್ನು ಹೊಗಳುವುದು ಕ್ರೂರವಾದೀತು. ನನಗೆ ಕಾಯುವುದು ಆಯ್ಕೆ, ಅವರಿಗೆ ಬೇರೆ ದಾರಿ ಇರಲಿಲ್ಲ. ಮಲ್ಪೆಯಿಂದ ಪಡುಕೆರೆಗೆ ಸೇತುವೆ ಬಂದಾಗ ಆ ದಿಬ್ಬದ ಜನರಿಗೆ ಪೇಟೆ, ಆಸ್ಪತ್ರೆ ಹತ್ತಿರವಾದವು. ಒಳ್ಳೆಯದೇ ಆಯಿತು. ಇಂದು ಆ ಸೇತುವೆ ಇಳಿದು ಪಡುಕೆರೆಯಿಂದ ಮಟ್ಟುವಿನ ಕಡೆಗೆ, ಗುಳ್ಳ ಬದನೆಯ ಹೊಲಗಳ ಬದಿಗೆ ಸೈಕಲ್ ತುಳಿಯುವ ಸುಖ ನನಗೂ ದಕ್ಕಿದೆ.

ನನ್ನ ಚಿಂತೆ ಬೇರೆಯದು. ಎಲ್ಲ ದಾರಿಗಳೂ ಎಲ್ಲಿಯೂ ನಿಲ್ಲದೆ ಓಡುವ ಹೆದ್ದಾರಿಯ ಸ್ವಭಾವವನ್ನೇ ಕಲಿತರೆ? 2024ರ ಜುಲೈ 16ರಂದು ಅಂಕೋಲೆ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಬದಿಯ ಗುಡ್ಡ ಕುಸಿದು ಬಂತು. ಚಹಾ ಅಂಗಡಿಯ ಮನೆಮಂದಿ, ಅಲ್ಲಿ ನಿಂತಿದ್ದ ವಾಹನಗಳು, ಜನ ಮಣ್ಣಿನ ಜತೆ ಗಂಗಾವಳಿಗೆ ಸೇರಿದರು. ಮೂರು ವಾರ ಕಳೆದೊಡನೆ, ಆಗಸ್ಟ್ 7ರಂದು, ಕಾರವಾರದಲ್ಲಿ ಕಾಳಿಯ ಹಳೆಯ ಸೇತುವೆ ನಡುರಾತ್ರಿ ಮುರಿದು ಬಿತ್ತು. ಗುಡ್ಡಕ್ಕೆ ತನ್ನ ಇಳಿಜಾರಿದೆ, ನದಿಗೆ ತನ್ನ ಅಗಲವಿದೆ, ಕಾಂಕ್ರೀಟಿಗೂ ತನ್ನ ಆಯುಸ್ಸಿದೆ. ಎಲ್ಲಿಯೂ ನಿಲ್ಲಬಾರದೆಂಬ ಹಟದಲ್ಲಿ ಈ ಮೂರನ್ನೂ ಮರೆತರೆ ಅದರ ಬೆಲೆ ತೆರುವವರು ದಾರಿಯ ಬದಿಯಲ್ಲಿ ಬದುಕುವವರು.

ಕರಾವಳಿಗೆ ಸೈಕಲ್ ಹೊರಗಿಂದ ಬಂದ ಹವ್ಯಾಸವೂ ಅಲ್ಲ. ಬೆಳಗಿನ ಜಾವ ಧಕ್ಕೆಯಲ್ಲಿ ಬುಟ್ಟಿ ತುಂಬಿಸಿಕೊಂಡು, ಹಾರ್ನ್ ಒತ್ತುತ್ತ ಒಳನಾಡಿನ ಮನೆಮನೆಗೆ ಬಂಗುಡೆ, ಬೂತಾಯಿ ಮುಟ್ಟಿಸಿದವರು ಸೈಕಲ್ಲಿನ ಮೀನಿನವರು. ಯಾವ ಏರಿನಲ್ಲಿ ಇಳಿದು ತಳ್ಳಬೇಕು, ಯಾವ ಮನೆಯಲ್ಲಿ ನೀರು ಕೊಡುತ್ತಾರೆ, ಯಾವ ಹೊಳೆಗೆ ಯಾವಾಗ ದೋಣಿ ಎಂಬುದೆಲ್ಲ ಅವರಿಗೆ ಬಾಯಿಪಾಠವಾಗಿತ್ತು. ಇಂದು ನಾವು ಪ್ರವಾಸದ ದಾರಿ ಎಂದು ಹುಡುಕುವುದು ಅವರ ದುಡಿಮೆಯ ದಾರಿಯನ್ನೇ.

ಆದ್ದರಿಂದ ಕರಾವಳಿಗೊಂದು ಸೈಕಲ್ ಹಾದಿ ಬೇಕೆನ್ನುವಾಗ ನನಗೆ ಹೊಸ ಡಾಂಬರು, ಹೊಸ ಭೂಸ್ವಾಧೀನ ನೆನಪಾಗುವುದಿಲ್ಲ. ಆ ಹಾದಿ ಆಗಲೇ ಇದೆ, ತುಂಡು ತುಂಡಾಗಿ ಇದೆ. ಅಳಿವೆಗಳಲ್ಲಿ ದೋಣಿ ನಿಲ್ಲಿಸದೆ ನಡೆಸಲಿ. ಸೇತುವೆ ಕಟ್ಟುವಲ್ಲಿ ಸೈಕಲ್ಲಿನವರಿಗೂ ನಡೆಯುವವರಿಗೂ ಒಂದು ಅಂಚು ಬಿಡಲಿ. ಕಡಲ್ಕೊರೆತಕ್ಕೆ ಕಲ್ಲು ಸುರಿದ ದಂಡೆಯಲ್ಲೂ ನೆರಳಿನ ಮರ ಉಳಿಸಲಿ. ಇಷ್ಟು ಆದರೆ ಸಾಕು. ದೋಣಿಯವನಿಗೆ ಕೂಲಿ, ಧಕ್ಕೆಯ ಹೋಟೆಲಿಗೆ ಗಿರಾಕಿ, ಬಂದವರಿಗೆ ಊರಿನ ಪರಿಚಯ ಮೂರೂ ಒಟ್ಟಿಗೆ ಸಿಗುತ್ತವೆ.

ನಮ್ಮ ಬದುಕಿನಲ್ಲೂ ದಾರಿಗಳು ಹೀಗೆ ನೀರಿನ ಅಂಚಿಗೆ ಬಂದು ನಿಲ್ಲುತ್ತವೆ. ನಿಂತ ದಾರಿಯನ್ನು ಸೋತ ದಾರಿ ಎಂದುಕೊಳ್ಳುವುದು ನಮ್ಮ ರೂಢಿ. ಆಚೆ ದಡ ನಮ್ಮ ಬಲದಿಂದಷ್ಟೇ ಸಿಗುವಂಥದಲ್ಲ; ನೀರು ಒಪ್ಪಬೇಕು, ಗಾಳಿ ಒಪ್ಪಬೇಕು, ಹುಟ್ಟು ಹಾಕುವ ಇನ್ನೊಬ್ಬ ಬರಬೇಕು. ಅಷ್ಟು ಜನರ, ಅಷ್ಟು ಸಂಗತಿಗಳ ಒಪ್ಪಿಗೆ ಪಡೆದು ದಾಟಿದವನಿಗೆ ಆಚೆ ದಡದ ಊರು ಅಪರಿಚಿತವಾಗಿ ಉಳಿದಿರುವುದಿಲ್ಲ. ಕಾಯುವ ಹೊತ್ತಿನಲ್ಲೇ ಅದರ ಅರ್ಧ ಪರಿಚಯ ಆಗಿರುತ್ತದೆ.