ಎಲ್ಲಿ ನಿಲ್ಲಿಸ್ಯಾರ?

ಹಾನಗಲ್ಲಿನಲ್ಲಾಗಲಿ ಹಿರೇಕೆರೂರಿನಲ್ಲಾಗಲಿ ಟೆನಿಸ್ ಬಾಲ್ ಟೂರ್ನಿ ನಡೆದರೆ, ಒಂದಿಲ್ಲೊಂದು ತಂಡದಲ್ಲಿ ಹೊರಗಿನಿಂದ ಕರೆಸಿದ ಆಟಗಾರ ಇರುತ್ತಾನೆ. ಬಸ್ ಚಾರ್ಜು, ಊಟ, ಕೈಗಿಷ್ಟು ರೊಕ್ಕ. ನಾಲ್ಕು ಸಿಕ್ಸರ್ ಬಾರಿಸಿದರೆ ‘ಕರಸಿದ್ದು ಚಲೋ ಆತು’. ಸೊನ್ನೆಗೆ ಔಟಾದರೆ ‘ರೊಕ್ಕ ಹಾಳು’. ಊರ ಹುಡುಗ ಕ್ಯಾಚ್ ಬಿಟ್ಟದ್ದು ಸಂಜೆಗೆ ಮರೆತುಹೋಗುತ್ತದೆ. ಹೊರಗಿನವನು ಬಿಟ್ಟದ್ದನ್ನು ಮುಂದಿನ ವರ್ಷದ ಟೂರ್ನಿಯಲ್ಲೂ ತೆಗೆದು ಆಡುತ್ತಾರೆ.

ಈ ಬೆಳಿಗ್ಗೆ ಹೀಗೆ ಹೊರಗಿನವನಾದ ಒಬ್ಬನ ನೆನಪು. ಅವನ ಆಟ ನಮ್ಮದಲ್ಲ, ಬೇಸ್‌ಬಾಲ್. ಹೆಸರು ಡೇವಿ ಜಾನ್ಸನ್, ಅಮೆರಿಕದವನು. ಬೇಸ್‌ಬಾಲಿನಲ್ಲಿ ಬ್ಯಾಟ್ ಹಿಡಿದವನ ಸಮೀಪ, ಒಳ ಅಂಗಳದಲ್ಲಿ ನಿಲ್ಲುವವರು ಇನ್‌ಫೀಲ್ಡರುಗಳು. ಚೆಂಡು ನೆಲಕ್ಕೆ ತಾಗಿ ಪುಟಿದು ಬರುತ್ತದೆ; ಬಗ್ಗಿ ತೊಗಲಿನ ಗ್ಲೌಸಿನಲ್ಲಿ ಹಿಡಿದು, ಬರಿಗೈಗೆ ದಾಟಿಸಿ, ಮೊದಲ ಬೇಸಿಗೆ ಎಸೆಯಬೇಕು. ಬ್ಯಾಟ್ ಮಾಡಿದವನು ತೊಂಬತ್ತು ಅಡಿ ಓಡಿ ಅಲ್ಲಿ ಮುಟ್ಟಲು ನಾಲ್ಕು ಸೆಕೆಂಡಿಗಿಂತ ತುಸು ಹೆಚ್ಚು ಹೊತ್ತು ಸಾಕು. ಅಷ್ಟರೊಳಗೆ ಎಲ್ಲ ಮುಗಿಯಬೇಕು. ಕೈತಪ್ಪಿದರೆ ಅದು ಬರೀ ಗೊಣಗಾಟದಲ್ಲಿ ಕರಗುವುದಿಲ್ಲ. ಸ್ಕೋರ್ ಬೋರ್ಡಿನಲ್ಲಿ ರನ್ನಿನ ಜೊತೆಗೇ ತಪ್ಪುಗಳಿಗೂ ಒಂದು ಕಾಲಂ ಇದೆ. ಕ್ರಿಕೆಟ್ಟಿಗೆ ಆ ಕಾಲಂ ಇಲ್ಲದಿರುವುದು ನಮ್ಮ ಪುಣ್ಯ.

ಜಾನ್ಸನ್ ನಿಲ್ಲುತ್ತಿದ್ದದ್ದು ಎರಡನೇ ಬೇಸಿನಲ್ಲಿ. 1969ರಿಂದ ಸತತ ಮೂರು ವರ್ಷ ಆ ಜಾಗದ ಫೀಲ್ಡಿಂಗಿಗೆ ಗೋಲ್ಡ್ ಗ್ಲೋವ್ ಪ್ರಶಸ್ತಿ ಗೆದ್ದವನು. 1973ರಲ್ಲಿ ಅಟ್ಲಾಂಟಾ ಪರ 43 ಹೋಮ್ ರನ್ (ನಮ್ಮ ಸಿಕ್ಸರಿನಂಥ ಹೊಡೆತ) ಹೊಡೆದ. 1975ರಲ್ಲಿ ಟೋಕಿಯೋದ ಯೋಮಿಯುರಿ ಜೈಂಟ್ಸ್ ಅವನನ್ನು ಕರೆಸಿಕೊಂಡಿತು. ಕರೆಸಿ ನಿಲ್ಲಿಸಿದ್ದು ಮೂರನೇ ಬೇಸಿನಲ್ಲಿ! ಹಿಂದಿನ ವರ್ಷ ಆಟ ಬಿಟ್ಟು ಮ್ಯಾನೇಜರ್ ಆಗಿದ್ದ ಶಿಗೆಯೊ ನಾಗಾಶಿಮಾ ಅಲ್ಲಿ ನಿಲ್ಲುತ್ತಿದ್ದವರು. ಇಡೀ ಜಪಾನಿಗೆ ಅವರು ದೇವರ ಸಮಾನ. ಆ ಜಾಗಕ್ಕೆ ಭಾಷೆ ಬಾರದ ಪರದೇಶಿ. ಆ ವರ್ಷ ಜಾನ್ಸನ್ನನ ಸರಾಸರಿ .197, ಅಂದರೆ ನೂರು ಸಲ ಬ್ಯಾಟ್ ಬೀಸಲು ನಿಂತರೆ ಇಪ್ಪತ್ತು ಸಲವೂ ದಕ್ಕಲಿಲ್ಲ. ಜೈಂಟ್ಸ್ ತನ್ನ ಚರಿತ್ರೆಯಲ್ಲೇ ಮೊದಲ ಸಲ ಲೀಗಿನ ತಳಕ್ಕೆ ಬಿತ್ತು.

ನಮ್ಮ ಟೂರ್ನಿಯಾಗಿದ್ದರೆ ಅವನನ್ನು ಅಲ್ಲಿಗೇ ಬಸ್ ಹತ್ತಿಸುತ್ತಿದ್ದರು. ಜೈಂಟ್ಸ್ ಇಟ್ಟುಕೊಂಡಿತು. 1976ರಲ್ಲಿ ಮೂರನೇ ಬೇಸಿಗೆ ಬೇರೊಬ್ಬನನ್ನು ಹಾಕಿ, ಜಾನ್ಸನ್ನನನ್ನು ಅವನ ಎರಡನೇ ಬೇಸಿಗೇ ಕಳಿಸಿದರು. 26 ಹೋಮ್ ರನ್ ಬಂದವು, ತಂಡ ಸೆಂಟ್ರಲ್ ಲೀಗ್ ಗೆದ್ದಿತು. ಆಳು ಅವನೇ, ಕೈ ಅವೇ. ಬದಲಾದದ್ದು ನಿಂತ ಜಾಗ.

ಈ ಜಾಗದ ಮಾತು ಬಂದಾಗ ರಾಹುಲ್ ದ್ರಾವಿಡ್ ನೆನಪಾಗದೆ ಇರುವುದಿಲ್ಲ. ಹೆಚ್ಚಾಗಿ ಸ್ಲಿಪ್‌ನಲ್ಲಿ ನಿಂತು, ಟೆಸ್ಟ್‌ಗಳಲ್ಲಿ 210 ಕ್ಯಾಚ್ ಹಿಡಿದವರು. 2003ರ ವಿಶ್ವಕಪ್‌ನಲ್ಲಿ ವಿಕೆಟ್ ಹಿಂದೆ ನಿಲ್ಲು ಎಂದರೆ ಅಲ್ಲಿ ನಿಂತರು. ಅದೇ ವರ್ಷ ಸ್ಕಾಟ್ಲೆಂಡ್ ಕರೆಯಿತು, ಹೋಗಿ ಇಂಗ್ಲಿಷ್ ಕೌಂಟಿಗಳ ವಿರುದ್ಧ ಆಡಿ ಮೂರು ಶತಕ ಹೊಡೆದು ಬಂದರು. ಎಲ್ಲರಿಗೂ ಇದು ಸಾಧ್ಯವಿಲ್ಲ, ಎಲ್ಲರಿಂದ ಇದನ್ನು ಕೇಳುವುದೂ ಅನ್ಯಾಯ.

ಹೊರಗಿನವರಾಗಿ ಹೋದವರಲ್ಲಿ ನಮಗೆ ಹತ್ತಿರದ ಉದಾಹರಣೆ ಗದುಗಿನ ಸ್ಪಿನ್ನರ್ ಸುನಿಲ್ ಜೋಶಿ. ಶಾಲೆಯ ದಿನಗಳಲ್ಲಿ ನಸುಕಿಗೇ ಎದ್ದು ಹುಬ್ಬಳ್ಳಿಗೆ ಹೋಗಿ ಅಭ್ಯಾಸ ಮಾಡಿ, ಗಂಟೆ ಬಾರಿಸುವ ಹೊತ್ತಿಗೆ ಗದುಗಿಗೆ ಮರಳುತ್ತಿದ್ದವರು. ಪರದೇಶ ಅವರಿಗೆ ಶುರುವಾದದ್ದೇ ಹುಬ್ಬಳ್ಳಿಯಿಂದ ಎನ್ನಬೇಕು. 2000ದ ನವೆಂಬರಿನಲ್ಲಿ ಢಾಕಾದಲ್ಲಿ ಬಾಂಗ್ಲಾದೇಶ ತನ್ನ ಮೊಟ್ಟಮೊದಲ ಟೆಸ್ಟ್ ಆಡಿದಾಗ ಜೋಶಿ ಮೊದಲ ಇನಿಂಗ್ಸ್‌ನಲ್ಲಿ ಐದು ವಿಕೆಟ್ ಕಿತ್ತರು, ಕೆಳಗಿನ ಕ್ರಮಾಂಕದಲ್ಲಿ ಬಂದು 92 ರನ್ ಹೊಡೆದರು, ಪಂದ್ಯಶ್ರೇಷ್ಠರಾದರು. 2017ರಲ್ಲಿ ಅದೇ ಬಾಂಗ್ಲಾದೇಶ ತನ್ನ ಹುಡುಗರಿಗೆ ಸ್ಪಿನ್ ಹೇಳಿಕೊಡಲು ಅವರನ್ನೇ ಕರೆಸಿಕೊಂಡಿತು. ಸೋಲಿಸಿದವನ ಕೈಯಲ್ಲೇ ಕಲಿಯುತ್ತೇವೆ ಎನ್ನಲು ಆ ದೇಶಕ್ಕೂ ದೊಡ್ಡ ಮನಸ್ಸು ಬೇಕಿತ್ತು. ಆ ಸಲ ಜೋಶಿಯವರ ಜಾಗ ನೆಟ್ಸ್‌ನಲ್ಲಿ, ಬೌಲರನ ಹಿಂದೆ.

ಶಿಗ್ಗಾವಿ, ಸವಣೂರಿನ ಎಷ್ಟೋ ಮನೆಗಳ ಹುಡುಗರು ಇಂದು ಗೋವಾದಲ್ಲಿದ್ದಾರೆ, ಬೆಂಗಳೂರಿನಲ್ಲಿದ್ದಾರೆ, ಕೆಲವರು ಕೊಲ್ಲಿಯ ದೇಶಗಳಲ್ಲಿ. ಫೋನ್ ಹಚ್ಚಿದರೆ ನಾವು ಕೇಳುವುದು ಎರಡೇ. ಉಂಡಿಯೇನಪಾ? ಪಗಾರ ಎಷ್ಟ ಬರ್ತೈತಿ? ಎರಡನೆಯದಕ್ಕೆ ಅವನು ಕೊಡುವ ಅಂಕಿ ಹೋಮ್ ರನ್ನಿನ ಲೆಕ್ಕದಂಥದು. ಮೊದಲ ವರ್ಷ ಅದು ಕಡಿಮೆಯಾದರೆ ಹುಡುಗನೇ ಕಡಿಮೆ ಎಂದು ಓಣಿಯಲ್ಲಿ ತೀರ್ಮಾನವಾಗಿಬಿಡುತ್ತದೆ. ವೆಲ್ಡಿಂಗ್ ಕಲಿತವನನ್ನು ಲೋಡಿಂಗಿಗೆ ಹಚ್ಚಿರಬಹುದು, ಅಡುಗೆ ಬಲ್ಲವನನ್ನು ಪಾತ್ರೆ ತೊಳೆಯಲು. ತಾನಾಗಿ ಅವನು ಹೇಳುವುದಿಲ್ಲ, ಮರ್ಯಾದೆಯ ಪ್ರಶ್ನೆ. ‘ಅಲ್ಲಿ ನಿನ್ನ ಎಲ್ಲಿ ನಿಲ್ಲಿಸ್ಯಾರಪಾ?’ ಎಂದು ಇಂದು ಒಂದು ಮಾತು ಕೇಳಿ ನೋಡಿ. ‘ಮೊದಲ ಗೋಡೌನಿನ್ಯಾಗ ಹಾಕಿದ್ರು ಯವ್ವಾ, ಹೋದ ವಾರದಿಂದ ಮಿಷನ್ ಮ್ಯಾಲ ಕೊಟ್ಟಾರ’ ಎಂದು ಅವನು ಶುರು ಮಾಡಿದರೆ, ಪಗಾರದ ಮಾತು ನಾಳೆ ಕೇಳಿದರೂ ನಡೆದೀತು.